ಜಗ್ಗುವ ಕೈ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದು ಯಂತ್ರದೊಳಗೂ ಹೋಗಿ ಕೂರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು, ನನ್ನ ಓರಗಿತ್ತಿ ಇಬ್ಬರೂ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವವರು. ಆಚೆ ತುದಿ ಅವಳು, ಈಚೆ ತುದಿ ನಾನು ಹಿಡಿದು, ಕೊಡವಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಆಗ ನಮ್ಮಿಬ್ಬರಿಗೂ ಮಾತಿರಲಿಲ್ಲ. ಮನೆಯಲ್ಲಿ ಕಿಟಕಿ ಇರುವ ಕೋಣೆ ಒಂದೇ. ನಾನು ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಮೈದುನನೂ ಅವಳೂ ಸೇರಿ ತಮ್ಮ ಮಂಚವನ್ನು ಅಲ್ಲಿಗೆ ಸಾಗಿಸಿಬಿಟ್ಟಿದ್ದರು. ಹಿರಿಸೊಸೆ ನಾನು, ಒಂದು ಮಾತು ಕೇಳಬೇಡವೇ? ಮನೆಯಲ್ಲಿ ಬಾಯಿ ಬಿಟ್ಟರೆ ರಂಪ. ಹಾಗಾಗಿ ಚಾದರದ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಂಚು ಕೂಡುವ ಹೊತ್ತಿಗೆ ಅವಳ ಕೈಯಿಂದ ರಪ್ಪನೆ ಜಗ್ಗಿಕೊಳ್ಳುತ್ತಿದ್ದೆ. ಅವಳು ತುಟಿಪಿಟಕ್ಕೆನ್ನದೆ ಬಿಟ್ಟುಬಿಡುತ್ತಿದ್ದಳು.

ಅದೇ ದಿನಗಳಲ್ಲಿ ಒಬ್ಬ ಇಂಜಿನಿಯರ್ ಬಂದು ನಮ್ಮ ಮಣಿಕಟ್ಟಿಗೆಲ್ಲ ಪಟ್ಟಿ ಕಟ್ಟಿದ. ನಮ್ಮ ಕೈ ಹೇಗೆ ಆಡುತ್ತದೋ ಅದನ್ನೇ ಯಂತ್ರಕ್ಕೆ ಕಲಿಸುತ್ತಾರಂತೆ. "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಅಮ್ಮ" ಎಂದ. ಹಾಗೇ ಮಾಡಿದೆವು.

ಆಮೇಲೆ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದ.

"ಯಂತ್ರ ನೋಡ್ಕೊಳ್ಳೋಕೆ ಒಬ್ಬರು ಸಾಕು. ಇನ್ನೊಬ್ಬರನ್ನ ಏಜೆನ್ಸಿಗೆ ಕೊಡ್ತೀವಿ. ನಿಮ್ಮನ್ನೇ ಇಟ್ಕೊಳ್ಳೋಣ ಅಂತಿದ್ದೀನಿ. ಅವರ ಹತ್ರ ಬಾಯಿ ಬಿಡಬೇಡಿ."

ಏಜೆನ್ಸಿ ಎಂದರೆ ಏನೆಂದು ನಮಗೆ ಗೊತ್ತಿತ್ತು. ಗೇಟಿನ ಕಾವಲುಗಾರನನ್ನು ಹೀಗೆಯೇ ಕೊಟ್ಟಿದ್ದರು. ಅದೇ ಗೇಟು, ಅದೇ ಕುರ್ಚಿ, ಅಂಗಿಯ ಬಣ್ಣ ಮಾತ್ರ ಬೇರೆ. ಅವನು ಜ್ವರ ಬಂದು ಮಲಗಿ ಎದ್ದು ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ.

ಆದರೂ ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಿಟಕಿ ನಿನಗೆ, ಕೆಲಸ ನನಗೆ ಎಂದುಕೊಂಡೆ. ಆಗಲಿ ಸಾರ್ ಎಂದು ಬಂದೆ.

ಯಂತ್ರ ಶುರುವಾದ ದಿನ ಆಸ್ಪತ್ರೆಯ ದೊಡ್ಡವರೆಲ್ಲ ನೋಡಲು ಬಂದಿದ್ದರು. ಎರಡು ಉದ್ದನೆಯ ಕೈಗಳು ಚಾದರ ಹಿಡಿದವು, ಕೊಡವಿದವು, ಹತ್ತಿರ ಬಂದವು. ಅಷ್ಟರಲ್ಲಿ ಬಲಗಡೆಯ ಕೈ ರಪ್ಪನೆ ಜಗ್ಗಿತು. ಚಾದರ ನೆಲಕ್ಕೆ ಬಿತ್ತು. ಇನ್ನೊಂದು ಕೊಟ್ಟರು. ಅದೂ ನೆಲಕ್ಕೆ. ಇಂಜಿನಿಯರ್ ತಲೆ ಕೆರೆದುಕೊಂಡ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಎಡಗಡೆಯ ಕೈ ಬೆರಳು ಅಗಲಿಸಿಕೊಂಡು ಖಾಲಿ ನಿಂತಿತ್ತು. ಅವಳೂ ದಿನಾ ಹಾಗೇ ನಿಲ್ಲುತ್ತಿದ್ದಳಲ್ಲ, ನಾನು ಒಮ್ಮೆಯೂ ನೋಡಿರಲಿಲ್ಲ. ಬಹಳ ನಾಚಿಕೆಯಾಯಿತು.

ಸೋಪಿನ ಡಬ್ಬಗಳ ಹಿಂದೆ ಅವಳನ್ನು ನಿಲ್ಲಿಸಿ ಕೇಳಿದೆ, "ಮ್ಯಾನೇಜರ್ ನಿನ್ನನ್ನೂ ಕರೆದಿದ್ನಾ?"

"ಹೂಂ ಅಕ್ಕ. ನನ್ನನ್ನೇ ಇಟ್ಕೊಳ್ತೀನಿ ಅಂದ. ಅಕ್ಕನ ಹತ್ರ ಬಾಯಿ ಬಿಡಬೇಡಿ ಅಂದ."

"ನೀನೇನಂದೆ?"

ಅವಳು ನೆಲ ನೋಡಿದಳು. "ಆಗಲಿ ಅಂದೆ."

"ನಾನೂ ಅದನ್ನೇ ಅಂದೆ ಕಣೇ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಪಿತ್ತ ನೆತ್ತಿಗೇರಿತು. ನಮ್ಮನೆ ಜಗಳದಲ್ಲಿ ಈ ಮಹಾರಾಯ ತನ್ನ ಬೇಳೆ ಬೇಯಿಸಿಕೊಳ್ಳುತ್ತಿದ್ದ! ನನ್ನ ಓರಗಿತ್ತಿಯ ಜೊತೆ ಜಗಳವಾಡುವ ಹಕ್ಕು ನನ್ನದು, ಅವನದಲ್ಲ.

ಯಂತ್ರಕ್ಕೆ ಹೊಸದಾಗಿ ಕಲಿಸಬೇಕೆಂದು ಮರುದಿನ ಮತ್ತೆ ಪಟ್ಟಿ ಕಟ್ಟಲು ಬಂದರು. ನಾವು ಕೈಕಟ್ಟಿ ನಿಂತೆವು.

"ಇಬ್ಬರನ್ನೂ ಆಸ್ಪತ್ರೆ ಕೆಲಸದಲ್ಲೇ ಇಟ್ಕೊಳ್ತೀವಿ ಅಂತ ಬರೆದುಕೊಡಿ. ಆಮೇಲೆ ಪಟ್ಟಿ" ಎಂದೆ.

"ಬೇರೆಯವರನ್ನ ಕರೆಸಿ ಕಲಿಸ್ತೀನಿ" ಎಂದ ಮ್ಯಾನೇಜರ್.

"ಕರೆಸಿ. ಅವರೂ ಓರಗಿತ್ತಿಯರಾ ಅಂತ ಮೊದಲೇ ವಿಚಾರಿಸ್ಕೊಳ್ಳಿ."

ಕೆಲಸ ಮಾತ್ರ ನಿಲ್ಲಿಸಲಿಲ್ಲ. ರೋಗಿಗಳೇನು ಪಾಪ ಮಾಡಿದ್ದರು? ಬರಿಗೈಯಲ್ಲಿ ಮಡಿಸಿ ಮಡಿಸಿ ಎಲ್ಲ ವಾರ್ಡಿಗೂ ಕಳಿಸಿದೆವು. ಕಲಿಸುವುದನ್ನಷ್ಟೇ ನಿಲ್ಲಿಸಿದೆವು. ಮ್ಯಾನೇಜರ್ ಬೆಣ್ಣೆ ಹಚ್ಚಿದ, ಹೆದರಿಸಿದ, ಅವಳೊಬ್ಬಳನ್ನೇ ಮತ್ತೆ ಕರೆದ. "ಅಕ್ಕನೂ ಬರ್ತಾರೆ" ಎಂದು ಅವಳು ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಗುಮ್ಮನಗುಸುಕಿ ಎಂದುಕೊಂಡಿದ್ದೆ ಅವಳನ್ನು.

ಬೇರೆಯವರು ಯಾರೂ ಬರಲಿಲ್ಲ. ಯಂತ್ರ ತಂದವರು ಊರು ಬಿಡುವ ಹಿಂದಿನ ದಿನ ಕಾಗದ ಬಂತು. ಇಬ್ಬರಿಗೂ ಕೆಲಸ, ಆದರೆ ಒಂದೇ ವರ್ಷ. ಅದನ್ನು ಮ್ಯಾನೇಜರ್ ಮುಖಕ್ಕೆ ಎಸೆಯಲು ಹೊರಟಿದ್ದೆ. ಅವಳು ಕಸಿದುಕೊಂಡು ಬ್ಯಾಗಿಗೆ ಹಾಕಿಕೊಂಡಳು.

"ಇದಿರಲಿ ಅಕ್ಕ. ವರ್ಷ ಮುಗಿಯೋಕೆ ಮುಂಚೆ ಮತ್ತೆ ಕೇಳೋಣ."

ಪಟ್ಟಿ ಕಟ್ಟಿದರು. ಕೋಣೆಯ ಜಗಳ ಹಾಗೇ ಇದೆ, ಅದು ಬೇರೆ ಮಾತು. ಚಾದರವನ್ನು ಮಾತ್ರ ಮೆತ್ತಗೆ, ಮಗುವನ್ನು ಎತ್ತಿಕೊಂಡ ಹಾಗೆ ತೆಗೆದುಕೊಳ್ಳುತ್ತಿದ್ದೆ. ಇಂಜಿನಿಯರ್ ಮುಖ ಅರಳಿತು. ನಾಲ್ಕಾರು ಚಾದರ ಆದ ಮೇಲೆ, ಅಂಚು ಕೂಡಿಸಲು ಬಂದ ಅವಳು ತುಟಿ ಅಲುಗಿಸದೆ ಹೇಳಿದಳು, "ಅಕ್ಕ, ನಡುನಡುವೆ ಒಂದೊಂದು ಸಲ ಜಗ್ಗಿ. ಮುಂದಿನ ವರ್ಷಕ್ಕೆ ಬೇಕಾಗುತ್ತೆ."

ಜಗ್ಗಿದೆ. ಈ ಸಲ ಅವಳು ಬಿಡಲಿಲ್ಲ.