ಮನೆ ಬದಲಿಸಲು ಒಳ್ಳೆಯ ತಿಂಗಳು

ಮನೆ ಯಾವಾಗ ಬದಲಾಯಿಸಬೇಕು ಅಂತ ಆ ಬಡಾವಣೆಯಲ್ಲಿ ಯಾರಿಗೇ ಅನುಮಾನ ಬರಲಿ, ಕೇಳಬೇಕಾದವನು ಒಬ್ಬನೇ. ಮನೆ ಸಾಮಾನು ಸಾಗಿಸುವ ಮೂರು ಲಾರಿಗಳ ಧಣಿ. ಇಪ್ಪತ್ತಾರು ವರ್ಷದಿಂದ ಅದೇ ಕಸುಬು. ಜನ ಅವನನ್ನು ಕ್ಯಾಲೆಂಡರಣ್ಣ ಅಂತ ಕರೆದು ಕರೆದು, ನಿಜವಾದ ಹೆಸರು ಅವನಿಗೇ ಮರೆತಿತ್ತೇನೋ.

"ಬೇಸಿಗೆ ಬೇಡ, ಆಳುಗಳು ಬಿಸಿಲಿಗೆ ಸಿಡುಕ್ತಾರೆ, ಸಿಡುಕಿದ ಕೈಲಿ ಗಾಜು ಉಳಿಯಲ್ಲ. ಮಳೆಗಾಲ ಬೇಡವೇ ಬೇಡ, ನೆಂದ ಹಾಸಿಗೆ ಒಣಗೋದ್ರೊಳಗೆ ನೆಗಡಿ ಬಂದು ಹೋಗಿರುತ್ತೆ. ಪರೀಕ್ಷೆ ಟೈಮಲ್ಲಿ ಮಕ್ಕಳಿಗೆ ತೊಂದರೆ. ತಿಂಗಳ ಕೊನೆ ಅಂತೂ ದೂರದಿಂದಲೇ ನಮಸ್ಕಾರ, ಊರಿಗೆ ಊರೇ ಅವತ್ತೇ ಹೊರಡುತ್ತೆ." ಹೀಗೆ ಸೋಸಿ ಸೋಸಿ ವರ್ಷಕ್ಕೆ ಹತ್ತೋ ಹನ್ನೆರಡೋ ಒಳ್ಳೆಯ ದಿನ ಹೆಕ್ಕಿ ಕೊಡುತ್ತಿದ್ದ. ಕೇಳಿದವರೆಲ್ಲ ತಲೆದೂಗುತ್ತಿದ್ದರು.

ತಲೆದೂಗದವಳು ಅವನ ಹೆಂಡತಿ ಒಬ್ಬಳೇ. ಅವಳು ಟೈಲರ್. ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವಳ ಮಂಡಿ ಸವೆದು ಐದು ವರ್ಷವಾಗಿತ್ತು. ಅಷ್ಟು ಮೆಟ್ಟಿಲು ಹತ್ತಿ ಅಳತೆ ಕೊಡಲು ಯಾವ ಗಿರಾಕಿ ಬರುತ್ತಾಳೆ ಹೇಳಿ? ಅವಳ ಕೈಯ ಹೊಲಿಗೆಗೆ ಸಾಲುಗಟ್ಟಿ ನಿಲ್ಲುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕೆಳಗಿನ ಅಂಗಡಿಗಳ ಪಾಲಾದರು. ನೆಲಮಟ್ಟದಲ್ಲಿ ಒಂದು ಮನೆ, ಬೀದಿಗೆ ತೆರೆದ ಒಂದು ಕಿಟಕಿ, ಅದರ ಪಕ್ಕ ತನ್ನ ಹೊಲಿಗೆ ಮಿಷನ್ನು. ಅವಳು ಕೇಳಿದ್ದು ಅಷ್ಟೇ, ಅರಮನೆಯನ್ನೇನೂ ಅಲ್ಲ.

ಗಂಡ ಇಲ್ಲ ಅಂದವನಲ್ಲ, ಪಾಪ. ಪ್ರತಿ ವರ್ಷವೂ ಹೂಂ ಅನ್ನುತ್ತಿದ್ದ. ಆದರೆ ತಾನೇ ಹೆಕ್ಕಿದ ಆ ಹತ್ತು ಹನ್ನೆರಡು ಒಳ್ಳೆಯ ದಿನಗಳನ್ನು ಬೇರೆಯವರಿಗೆ ಹಂಚಿಬಿಡುತ್ತಿದ್ದನಲ್ಲ! ಒಳ್ಳೆಯ ದಿನಗಳಲ್ಲಿ ಲಾರಿ ಖಾಲಿ ಇರುತ್ತಿರಲಿಲ್ಲ, ಲಾರಿ ಖಾಲಿ ಇದ್ದ ದಿನಗಳು ಒಳ್ಳೆಯವಾಗಿರುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ ತಾನೇ? ಐದು ವರ್ಷದಲ್ಲಿ ಅವರ ಮನೆಯಿಂದ ಕೆಳಗಿಳಿದದ್ದು ಕಸದ ಬುಟ್ಟಿ ಮಾತ್ರ.

ಈ ಸಲ ಜುಲೈಯಲ್ಲಿ, ಹಿಂದಿನ ಬೀದಿಯಲ್ಲಿ, ಅವಳು ಬಯಸಿದಂಥದ್ದೇ ಮನೆ ಖಾಲಿಯಾಯಿತು. ಮುಂದಿನ ಕೋಣೆಗೆ ಬಾಗಿಲಗಲದ ಕಿಟಕಿ. ಮನೆಯೊಡತಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಈ ತಿಂಗಳೊಳಗೆ ಸಾಮಾನು ತಂದ್ರೆ ನಿಮ್ಮದು. ಇಲ್ಲಾಂದ್ರೆ ಹಲ್ಲಿನ ಡಾಕ್ಟರ್ ಕಾಯ್ತಾ ಇದ್ದಾರೆ."

ಊಟಕ್ಕೆ ಕೂತ ಗಂಡನ ಕೈಯ ತುತ್ತು ಅರ್ಧದಲ್ಲೇ ನಿಂತಿತು.

"ಜುಲೈ ಕೊನೇನಾ? ಮಳೆಗಾಲವೂ ಹೌದು, ತಿಂಗಳ ಕೊನೆಯೂ ಹೌದು. ತಲೆಗಿಲೆ ಕೆಟ್ಟಿದೆಯೇನೇ ನಿಂಗೆ? ಮೂರು ಲಾರೀನೂ ಬುಕ್ ಆಗಿವೆ. ಅಕ್ಟೋಬರಲ್ಲಿ ನೋಡೋಣ."

"ಯಾವ ವರ್ಷದ ಅಕ್ಟೋಬರು, ರೀ?"

"ಮಂಡಿಗೆ ಮುಲಾಮು ತಂದಿದೀನಿ, ಹಚ್ಕೊ," ಅಂದು ಅವನು ಕೈ ತೊಳೆಯಲು ಎದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಮೀನಮೇಷ ಎಣಿಸುತ್ತ ಕೂತರೆ ಆಗುವುದಲ್ಲ, ಗಾಳಿ ಬಂದಾಗಲೇ ತೂರಿಕೊಳ್ಳಬೇಕು. ಮರುದಿನ ಬೆಳಿಗ್ಗೆ ಗಂಡ ಹೊರಟಿದ್ದೇ ತಡ, ದಡಬಡಿಗೆ ಫೋನ್ ಮಾಡಿದಳು.

ದಡಬಡಿ ಒಂದು ಕಾಲದಲ್ಲಿ ಅವಳ ಗಂಡನ ಆಳು. ಯಾರದೋ ಕನ್ನಡಿ ಬೀರುವನ್ನು ಮೆಟ್ಟಿಲ ಮೇಲಿಂದ ಉರುಳಿಸಿ ಕೆಲಸ ಕಳೆದುಕೊಂಡು, ಎದುರು ಬೀದಿಯಲ್ಲೇ ಸ್ವಂತ ಲಾರಿ ಇಟ್ಟವನು. ಅಂದಿನಿಂದ ಧಣಿಗೂ ಅವನಿಗೂ ಎಣ್ಣೆ ಸೀಗೇಕಾಯಿ.

"ಅಕ್ಕಾ, ಕ್ಯಾಲೆಂಡರಣ್ಣನ ಮನೇನ ನಾನು ಸಾಗಿಸೋದಾ?" ದಡಬಡಿ ನಕ್ಕು ನಕ್ಕು ಕೆಮ್ಮಿದ. "ನನ್ನ ಜನ್ಮ ಸಾರ್ಥಕ ಆಯ್ತು. ಮೂವತ್ತೊಂದಕ್ಕೆ, ಬೆಳಿಗ್ಗೆ ಎಂಟಕ್ಕೆ ಬಂದೆ ಅಂದ್ಕೊಳ್ಳಿ."

ಮೂವತ್ತೊಂದರಂದು ಮಳೆ ಧೋ ಅಂತ ಸುರಿಯುತ್ತಿತ್ತು. ಕ್ಯಾಲೆಂಡರಣ್ಣ ಊರಾಚೆ ಯಾರದೋ ಫ್ರಿಜ್ಜಿಗೆ ಹಗ್ಗ ಬಿಗಿಯುತ್ತಿದ್ದಾಗ ಅವನ ಡ್ರೈವರ್ ಫೋನ್ ಮಾಡಿದ: "ಅಣ್ಣಾ, ಬೈಬೇಡಿ. ನಿಮ್ಮ ಮಂಚ ದಡಬಡಿ ಲಾರಿ ಹತ್ತಿ ಕೂತಿದೆ."

ಅವನು ಬಂದದ್ದು ಬೆಂಕಿಯಂತೆ, ಆದರೆ ರೇನ್‌ಕೋಟಿದ್ದೂ ತೊಪ್ಪೆಯಾಗಿ ನೆಂದು. ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತಿ, ಬಾಗಿಲಲ್ಲಿ ನಿಂತು ಹೆಂಡತಿಗೆ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ದಡಬಡಿ ಹೊಲಿಗೆ ಮಿಷನ್ನನ್ನು ಇಡಿಯಾಗಿ ಹೆಗಲಿಗೇರಿಸುತ್ತಿದ್ದುದು ಕಣ್ಣಿಗೆ ಬಿತ್ತು. ಬೈಗುಳ ಅತ್ತ ತಿರುಗಿತು.

"ಲೋ ಅಯೋಗ್ಯ! ಮಿಷನ್ ತಲೆ ಬಿಚ್ಚದೆ ಎತ್ತುತ್ತಾರೇನೋ? ಇಳಿಸೋ ಕೆಳಗೆ!"

"ಬುಕಿಂಗ್ ನಂದು, ಅಣ್ಣಾ."

"ಮಿಷನ್ನು ನನ್ನ ಹೆಂಡತೀದು ಕಣೋ!"

ಆಮೇಲೆ ಕೇಳಬೇಕೆ! ತೋಳು ಮಡಿಸಿದ, ಸ್ಕ್ರೂ ಬಿಚ್ಚಿದ, ಮಿಷನ್ನಿನ ತಲೆಗೆ ತನ್ನ ರೇನ್‌ಕೋಟನ್ನೇ ಸುತ್ತಿದ, ದಡಬಡಿಯ ಆಳುಗಳನ್ನು ತನ್ನ ಆಳುಗಳಂತೆ ಗದರಿದ. ಹನ್ನೊಂದು ಗಂಟೆಗೆಲ್ಲ ಮನೆ ಖಾಲಿ. ಒಂದು ಲೋಟವೂ ಒಡೆಯಲಿಲ್ಲ. ಹಾಸಿಗೆ ಮಾತ್ರ ಒಂದು ಮೂಲೆ ನೆನೆಯಿತು. ಆ ಮೂಲೆ ತೋರಿಸಿ, "ನಾನು ಹೇಳಿರಲಿಲ್ವಾ?" ಅಂತ ಮೂರು ಸಲ ಕೇಳಿ ಸಮಾಧಾನಪಟ್ಟುಕೊಂಡ.

ಲಾರಿ ಹೊರಡಬೇಕು, ಹೆಂಡತಿ ಕಾಣಲಿಲ್ಲ. ಮತ್ತೆ ಮೇಲೆ ಹತ್ತಿದ. ಎರಡನೇ ಮಹಡಿಯ ತಿರುವಿನಲ್ಲಿ, ಗೋಡೆಗೊರಗಿ, ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಇಲ್ಯಾಕೇ ಕೂತೆ?"

"ನಾನು ದಿನಾ ಇಲ್ಲೇ ಕೂರೋದು. ಇಳಿಯುವಾಗ ಹತ್ತು ನಿಮಿಷ, ಹತ್ತುವಾಗ ಅರ್ಧ ಗಂಟೆ. ಕೆಲವು ಸಲ ಅಳು ಬರುತ್ತೆ. ಯಾರಾದ್ರೂ ಬಂದ್ರೆ ಚಪ್ಪಲಿ ಸರಿಮಾಡ್ಕೊಳ್ಳೋ ಹಾಗೆ ಬಗ್ತೀನಿ."

ಬೆಳಿಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬರುವ ಅವನು ಇದನ್ನು ಒಮ್ಮೆಯೂ ನೋಡಿರಲಿಲ್ಲ. ಊರವರ ಮನೆಗಳಲ್ಲಿ ಯಾವ ತಿರುವಿನಲ್ಲಿ ಬೀರು ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನು ಮೆಲ್ಲಗೆ ಅವಳ ಪಕ್ಕ ಕೂತ.

"ನೀನು ಹೇಳಲೇ ಇಲ್ವಲ್ಲೇ."

"ಐದು ವರ್ಷದಿಂದ ಹೇಳ್ತಾನೇ ಇದೀನಿ. ನೀವು ತಿಂಗಳು ನೋಡ್ತಾ ಇದ್ರಿ."

ಅವನಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಎದ್ದು, ಅವಳ ಮುಂದೆ ಬಗ್ಗಿ ಬೆನ್ನು ಕೊಟ್ಟ. "ಹತ್ತು, ಇಳಿಸ್ತೀನಿ."

"ಅಯ್ಯೋ, ಬಿಡಿ ರೀ! ನಾನೇನು ಬೀರುವಾ?"

"ಬೀರು ಆಗಿದ್ರೆ ಯಾವತ್ತೋ ಇಳಿಸಿರ್ತಿದ್ದೆ," ಅಂದ. ತಮಾಷೆಗೆ ಅಂತಲೇ ಶುರುಮಾಡಿದ ಮಾತು, ಮುಗಿಯುವ ಹೊತ್ತಿಗೆ ತಮಾಷೆಯಾಗಿ ಉಳಿದಿರಲಿಲ್ಲ.

ಅವಳು ಅವನ ನೆಂದ ಹೆಗಲ ಮೇಲೆ ಕೈಯೂರಿ ಎದ್ದಳು. ಬೆನ್ನೇರಲಿಲ್ಲ. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು. ಅವಳು ನಿಂತಲ್ಲೆಲ್ಲ ಅವನೂ ನಿಂತ.