ಕೆಳಗಿನ ಎಡಮೂಲೆ

ಭಾವನ ಕೈ ನಡುಗಿದ್ದರಿಂದ ಫೋಟೊ ಮಸುಕಾಗಿದೆ ಎಂದು ತನಿಖೆಯವರು ಬರೆದಿದ್ದರು. ನಾನು ಆ ವರದಿಯನ್ನು ಓದಿ, ಮಡಚಿ, ಡ್ರಾಯರಿನೊಳಗೆ ತಳ್ಳಿದೆ. ಸುಳ್ಳೇಕೆ ಹೇಳಲಿ, ಆಗ ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಕ್ಯಾಮೆರಾ ಆರಿಸಿದ್ದು ಯಾರು ಎಂದು ಯಾರೂ ಕೇಳಿರಲಿಲ್ಲ.

ನಮ್ಮದು ಇಬ್ಬರ ಕಚೇರಿ. ಸೇತುವೆ, ನೀರಿನ ಟ್ಯಾಂಕು, ಕಾರ್ಖಾನೆಯ ಚಿಮಣಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಫೋಟೊ ತೆಗೆದು ನೋಡಿ ವರದಿ ಕೊಡುತ್ತೇವೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡುತ್ತ ಫೋಟೊ ತೆಗೆಯುವವರು ನನ್ನ ಅಕ್ಕನ ಗಂಡ. ನೆಲದ ಮೇಲೆ ಸುಖವಾಗಿ ಕುರ್ಚಿಯಲ್ಲಿ ಕೂತು ಅವನ್ನು ದೊಡ್ಡದು ಮಾಡಿ ನೋಡುವವನು ನಾನು. ಅಂಕಿ ಸೇರಿಸದೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲವೆಂದು ಭಾವ ನನಗೆ ದಶಾಂಶ ಎಂದು ಹೆಸರಿಟ್ಟಿದ್ದರು. ಅಕ್ಕನೂ ಈಗ ಹಾಗೇ ಕರೆಯುತ್ತಾಳೆ.

ಕಳೆದ ವರ್ಷ ನಮ್ಮ ಹಳೆಯ ಕ್ಯಾಮೆರಾ ಕೈಕೊಟ್ಟಿತು. ಹೊಸದಕ್ಕೆ ಅಂಗಡಿಯವನು ಎರಡು ದಾರಿ ತೋರಿಸಿದ. ಒಂದು, ಅರವತ್ತೊಂದು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, ಅದರ ಜೊತೆಗೇ ಬರುವ ಸಾಧಾರಣ ಜೂಮ್ ಲೆನ್ಸು. ಇನ್ನೊಂದು, ಬರೀ ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲಿನದು. ಆದರೆ ಅದಕ್ಕೆ ಹಾಕುವ ಲೆನ್ಸು ಒಳ್ಳೆಯದು, ಅಂಚಿನಿಂದ ಅಂಚಿಗೆ ಕೂದಲೆಳೆಯನ್ನೂ ಬಿಡದೆ ತೋರಿಸುವಂಥದು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಭಾವ ಆ ಲೆನ್ಸನ್ನು ಕೈಗೆತ್ತಿಕೊಂಡವರು ಕೆಳಗಿಡಲೇ ಇಲ್ಲ.

"ಇದನ್ನೇ ತಗೊಳ್ಳೋಣ," ಎಂದರು. "ಬೆಳಕು ಮೊದಲು ಗಾಜನ್ನ ದಾಟಿ ಬರಬೇಕು. ಗಾಜೇ ಗೆರೆಯನ್ನ ಕಲಸಿಬಿಟ್ರೆ, ಹಿಂದೆ ಎಷ್ಟು ಪಿಕ್ಸೆಲ್ ಇದ್ದು ಏನು ಮಾಡ್ತವೆ? ಕಲಸಿದ್ದನ್ನೇ ಅಚ್ಚುಕಟ್ಟಾಗಿ ತೋರಿಸ್ತವೆ, ಅಷ್ಟೇ."

"ಎರಡು ಮೀಟರ್ ಅಗಲದ ಗೋಡೆ ಹಿಡಿದ್ರೆ ಇದರಲ್ಲಿ ಪಿಕ್ಸೆಲ್ಲಿಗೆ ಸೊನ್ನೆ ಪಾಯಿಂಟ್ ಮೂರು ಮೂರು ಮಿಲಿಮೀಟರ್ ಬರುತ್ತೆ ಭಾವ. ಕೆಲಸ ಕೊಡೋರು ಕೇಳೋದು ಕಾಲು ಮಿಲಿಮೀಟರ್."

"ಹತ್ತಿರ ಹೋಗಿ ತೆಗೀತೀನಿ."

"ಹತ್ತಿರ ಹೋದ್ರೆ ಫೋಟೊ ಜಾಸ್ತಿ ಬೇಕಾಗುತ್ತೆ. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ."

"ನೇತಾಡೋನು ನಾನು ತಾನೇ? ನಿನಗೇನು ಕಷ್ಟ?"

ನಮ್ಮ ವರದಿಯ ಮೊದಲ ಪುಟದಲ್ಲಿ ಒಂದು ಕಾಲಂ ಇದೆ: ಒಂದು ಪಿಕ್ಸೆಲ್ಲಿಗೆ ಎಷ್ಟು ಮಿಲಿಮೀಟರ್. ಎಲ್ಲರೂ ಕಣ್ಣಾಡಿಸುವುದು ಅದೊಂದರ ಮೇಲೆಯೇ. ಲೆನ್ಸು ಹೇಗಿದೆ ಎಂದು ಬರೆಯುವುದಕ್ಕೆ ಅಲ್ಲಿ ಕಾಲಂ ಇಲ್ಲ. ಆ ಪುಟವನ್ನು ಮಾಡಿದವನು ನಾನೇ. ನಾನು ಪಟ್ಟು ಬಿಡಲಿಲ್ಲ, ಅರವತ್ತೊಂದನ್ನೇ ತಂದೆ. ಕಾಲಂನಲ್ಲಿ 0.21 ಎಂದು ಬರೆದಾಗ ಎದೆಯುಬ್ಬಿತ್ತು. ಅದೂ ಸಾಲದೆಂಬಂತೆ, ಒಂದರ ಅಂಚಿನಲ್ಲಿ ಕಾಣದ್ದು ಪಕ್ಕದ್ದರಲ್ಲಿ ಕಾಣಲೆಂದು ಒಂದು ಫೋಟೊದ ಮೇಲೆ ಇನ್ನೊಂದು ಮೂರನೇ ಒಂದು ಪಾಲು ಕೂರುವ ಹಾಗೆ ತೆಗೆಯುವ ಭಾವನ ಹಳೇ ಪದ್ಧತಿಯನ್ನೂ ಬಿಡಿಸಿದೆ. ಅಂಚಿಗೆ ಅಂಚು ತಾಗಿದರೆ ಸಾಕು, ಇಷ್ಟು ಪಿಕ್ಸೆಲ್ ಇರುವಾಗ ಅದೆಲ್ಲ ದಂಡ ಎಂದೆ. ಭಾವ ಹಗ್ಗ ಕಟ್ಟಿಕೊಂಡರು.

ಆ ಕ್ಯಾಮೆರಾದಲ್ಲಿ ಮಾಡಿದ ಮೊದಲ ದೊಡ್ಡ ಕೆಲಸ ಒಂದು ನೀರಿನ ಟ್ಯಾಂಕು. ನಾನೂರ ಹನ್ನೆರಡು ಫೋಟೊ. ಬಿರುಕು ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಟ್ಯಾಂಕಿನ ತಳದ ಅಂಚಿನಿಂದ ಕಾಂಕ್ರೀಟಿನ ಚಕ್ಕೆಯೊಂದು ಕಳಚಿ ಬಿತ್ತು. ಕೆಳಗೆ ಪಂಪು ನೋಡಿಕೊಳ್ಳುವವರೊಬ್ಬರು ಬಗ್ಗಿ ವಾಲ್ವು ತಿರುಗಿಸುತ್ತಿದ್ದರು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ತನಿಖೆಯವರು ಚಕ್ಕೆ ಕಳಚಿದ ಜಾಗದ ಫೋಟೊ ತೆರೆಸಿದರು. ಆ ಜಾಗ ಫೋಟೊದ ಕೆಳಗಿನ ಎಡಮೂಲೆಯಲ್ಲಿತ್ತು. ಅಲ್ಲಿ ಗೆರೆಯಿರಬೇಕಾದ ಕಡೆ ಒದ್ದೆ ಬೆರಳಿನಿಂದ ಒರೆಸಿದಂಥ ಬೂದಿ ಬಣ್ಣ. ಅದೇ ಹೊತ್ತಿಗೆ ಯಾರೋ ಟೀ ತಂದುಕೊಟ್ಟರು. ಭಾವನ ಕೈಯಲ್ಲಿದ್ದ ಟೀ ಕಪ್ಪು ಸಾಸರಿಗೆ ತಾಗಿ ಸಣ್ಣಗೆ ಸದ್ದು ಮಾಡಿತು. ಐವತ್ತೆಂಟರ ಕೈ. ತನಿಖೆಯವರು ಆ ಕಪ್ಪನ್ನು ನೋಡಿದರು, ನಾನೂ ನೋಡಿದೆ.

"ಕೈ ಅಲುಗಿರಬಹುದಾ?" ಎಂದು ಅವರಲ್ಲೊಬ್ಬರು ಕೇಳಿದರು.

"ಇರಬಹುದು," ಎಂದರು ಭಾವ. ಕೊಟ್ಟ ಕಾಗದಕ್ಕೆ ಸಹಿ ಹಾಕಿದರು. ಅಂದಿನಿಂದ ಕೆಲಸಕ್ಕೆ ಬರಲಿಲ್ಲ.

ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. "ಗಡ್ಡ ಕೂಡ ಮಾಡ್ಕೊಳ್ತಿಲ್ಲ ಕಣೋ. ಮೊಮ್ಮಗು ಮಡಿಲಿಗೆ ಬಂದ್ರೆ, ಬೇಡ, ಬೀಳಿಸಿಬಿಡ್ತೀನಿ ಅಂತಾರೆ. ಆ ಕೈಯನ್ನೇ ನೋಡ್ತಾ ಕೂತಿರ್ತಾರೆ." ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ.

ಏಳು ತಿಂಗಳು ಹೀಗೇ ಕಳೆಯಿತು. ಹಗ್ಗದ ಕೆಲಸಕ್ಕೆ ಬೇರೆಯವರನ್ನು ಹುಡುಕುತ್ತಿದ್ದೆ. ಬಂದವರಿಗೆ ತೋರಿಸಲೆಂದು ಆ ಟ್ಯಾಂಕಿನ ಫೋಟೊಗಳನ್ನು ಮೊದಲಿನಿಂದ ತೆರೆದೆ. ಮೂರನೆಯದರ ನಡುವೆ ಒಂದು ಇರುವೆ ಕೂತಿತ್ತು, ಅದರ ಆರು ಕಾಲೂ ಎಣಿಸಬಹುದಿತ್ತು. ಕಣ್ಣು ಕೆಳಗಿನ ಎಡಮೂಲೆಗೆ ಹೋಯಿತು. ಬೂದಿ. ನಾಲ್ಕನೆಯದು, ನಲವತ್ತನೆಯದು, ನಾನೂರನೆಯದು, ಎಲ್ಲದರಲ್ಲೂ ಅದೇ ಮೂಲೆ. ಕೈ ನಡುಗಿದರೆ ಇಡೀ ಫೋಟೊ ನಡುಗಬೇಕು. ನಾನೂರ ಹನ್ನೆರಡು ಸಲವೂ ಒಂದೇ ಮೂಲೆಯಲ್ಲಿ ನಡುಗುವ ಕೈ ಲೋಕದಲ್ಲಿಲ್ಲ.

ಒಂದು ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಟೈಮರ್ ಹಾಕಿ, ದೂರ ನಿಂತೆ. ಫೋಟೊದ ನಡುವಿನ ಅಕ್ಷರಗಳು ಕಣ್ಣಿಗೆ ಹೊಡೆಯುವಂತಿದ್ದವು, ಆ ಮೂಲೆಯವು ಕರಗಿಹೋಗಿದ್ದವು. ಲೆನ್ಸಿನೊಳಗೆ ಯಾವುದೋ ಗಾಜು ಓರೆಯಾಗಿ ಕೂತಿತ್ತು. ತಂದ ದಿನವೇ ಹತ್ತು ನಿಮಿಷ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಆವತ್ತು ನಾನು ಪಿಕ್ಸೆಲ್ಲಿಗೆ ಎಷ್ಟು ಮಿಲಿಮೀಟರ್ ಎಂದು ಭಾಗಿಸುತ್ತಿದ್ದೆ.

ಫೋಟೊಗಳನ್ನು ಹಿಡಿದು ಅಕ್ಕನ ಮನೆಗೆ ಓಡಿದೆ. ಭಾವ ಕಿಟಕಿಯ ಪಕ್ಕದಲ್ಲಿ ಕೂತಿದ್ದರು. ಅವರ ಮುಂದೆ ಎಲ್ಲವನ್ನೂ ಹರಡಿ, "ನಿಮ್ಮ ಕೈ ಅಲ್ಲ ಭಾವ. ಲೆನ್ಸು. ಆರಿಸಿದ್ದು ನಾನು. ಕಾರಣ ಗೊತ್ತಿಲ್ಲದಿದ್ರೂ ತಪ್ಪು ನಿಮ್ಮ ಮೇಲೇ ಹೋಗಲಿ ಅಂತ ಸುಮ್ಮನಿದ್ದೆ," ಎಂದೆ.

ಅವರು ಫೋಟೊಗಳನ್ನು ಮುಟ್ಟಲೂ ಇಲ್ಲ.

"ಗೊತ್ತು," ಎಂದರು. "ಎರಡನೇ ದಿನ ಟ್ಯಾಂಕಿನ ಮೇಲೆ ನೇತಾಡ್ತಿರುವಾಗಲೇ ಕ್ಯಾಮೆರಾದ ಪರದೆಯಲ್ಲಿ ನೋಡಿದ್ದೆ. ಆ ಮೂಲೆ ಸರಿಯಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಂಗಡಿಯಲ್ಲಿ ನನ್ನ ಮಾತು ನಡೀಲಿಲ್ಲ. ನಾನಾಗಿ ಹೇಳಿದ್ರೆ, ಅವತ್ತೇ ಹೇಳಿರಲಿಲ್ವಾ ಅಂತ ಚುಚ್ಚಿದ ಹಾಗಾಗ್ತಿತ್ತು. ನೀನೇ ಒಂದಿನ ನೋಡಿ, ಭಾವ ನೀವು ಹೇಳಿದ್ದು ಸರಿ ಅಂತ ಬರಲಿ ಅಂದ್ಕೊಂಡು ಕಾಯ್ತಿದ್ದೆ. ಅಷ್ಟರಲ್ಲಿ ಚಕ್ಕೆ ಬಿತ್ತು." ಅವರು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. "ಕೈ ನಡುಗಿತು ಅಂತ ಅವರು ಅಂದಾಗ, ಆಗ್ಲಿ, ಸುಮ್ಮನಿದ್ದದ್ದಕ್ಕೆ ಆಗದಿದ್ರೂ ಯಾವುದಕ್ಕಾದರೂ ಒಂದಕ್ಕೆ ನನಗೆ ಶಿಕ್ಷೆ ಆಗ್ಲಿ ಅನ್ನಿಸ್ತು."

ನನಗೆ ಸಿಟ್ಟು ಬಂತು. ನನ್ನ ತಪ್ಪನ್ನು ಪೂರ್ತಿಯಾಗಿ ಒಪ್ಪಿಸಿ ಹಗುರಾಗೋಣವೆಂದು ಬಂದರೆ ಈ ಮನುಷ್ಯ ಅದಕ್ಕೂ ಬಿಡುತ್ತಿಲ್ಲವಲ್ಲ ಎಂದು. ಆಮೇಲೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಇಬ್ಬರಲ್ಲಿ ಯಾರನ್ನೂ ಸಮಾಧಾನ ಮಾಡಲಿಲ್ಲ.

ಆವತ್ತೇ ತನಿಖೆಯವರಿಗೆ ಕಾಗದ ಬರೆದೆವು, ಇಬ್ಬರೂ ಸಹಿ ಹಾಕಿದೆವು. ಕಳಿಸುವ ಮೊದಲು ಭಾವ ತಡೆದರು. "ಆ ಮನೆಗೆ ಇದು ಬೇರೆಯವರ ಬಾಯಿಂದ ಹೋಗಬಾರದು," ಎಂದರು.

ಪಂಪಿನವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಬಟ್ಟೆ ಹೇರಿದ್ದ ಎರಡು ಕುರ್ಚಿ ತೆರವು ಮಾಡಿ ಕೂರಿಸಿದರು. ನಾನು ಲೆನ್ಸು, ಮೂಲೆ, ಮಿಲಿಮೀಟರ್ ಎಂದು ವಿವರಿಸತೊಡಗಿದೆ. ಸ್ವಲ್ಪ ಹೊತ್ತು ಕೇಳಿ ಅವರು ಕೈಯೆತ್ತಿ ನಿಲ್ಲಿಸಿದರು.

"ನನಗೆ ಇದೆಲ್ಲ ಅರ್ಥವಾಗಲ್ಲ. ಒಂದೇ ಒಂದು ಹೇಳಿ. ಆ ಇನ್ನೊಂದು ಲೆನ್ಸನ್ನ ತಂದಿದ್ರೆ ಬಿರುಕು ಕಾಣ್ತಿತ್ತಾ?"

ಖಚಿತವಾಗಿ ಹೇಳಲಾಗದು ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ದಾರಿಯುದ್ದಕ್ಕೂ ಅದನ್ನೇ ಹೊಂದಿಸಿಕೊಂಡು ಬಂದಿದ್ದೆ.

"ಕಾಣ್ತಿತ್ತಮ್ಮ," ಎಂದರು ಭಾವ.

ಆಕೆ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬಿಡಿಸಿ, ಮಡಚಿಟ್ಟರು.

"ಯಾರೋ ವಯಸ್ಸಾದವರ ಕೈ ನಡುಗಿತಂತೆ, ಪಾಪ ಅಂತ ಹೇಳಿದ್ರು," ಎಂದರು. "ನಡುಗೋ ಕೈ ಮೇಲೆ ಏನು ಸಿಟ್ಟು ಮಾಡೋದು ಅಂತ ಇಷ್ಟು ದಿನ ಸುಮ್ಮನಿದ್ದೆ. ಮಕ್ಕಳಿಗೂ ಹಾಗೇ ಹೇಳಿ ಸುಮ್ಮನಿರಿಸಿದ್ದೆ. ಈಗ ಸಿಟ್ಟು ಮಾಡಬಹುದು ಅಲ್ವಾ?"

"ಮಾಡಬಹುದು," ಎಂದೆ.

ಅವರು ಎದ್ದು ಹೋಗಿ ಬಾಗಿಲನ್ನು ತೆರೆದು ಹಿಡಿದರು. ನಾವಿಬ್ಬರೂ ತಲೆ ತಗ್ಗಿಸಿ ಹೊರಗೆ ಬಂದೆವು.