ಡಿಸ್ಕ್ ನುಡಿದ ಮಧ್ಯಾಹ್ನ

ಕೆಟ್ಟ ಲ್ಯಾಪ್‌ಟಾಪ್ ಹಿಡಿದು ಸಿಂಧನೂರಿನ ಮಮತಾಳ ಅಂಗಡಿಗೆ ಬರುವವರೆಲ್ಲ ಒಂದೇ ಮಾತು ಆಡುತ್ತಾರೆ: "ನಿನ್ನೆ ತನಕ ಚೊಲೋ ಇತ್ರೀ." ಗೊರೇಬಾಳದ ಗ್ಯಾನಮ್ಮ ಹಾಗೆ ಅನ್ನಲಿಲ್ಲ. ಸೆರಗಿನೊಳಗೆ ಕೂಸಿನ ಹಾಗೆ ಮುಚ್ಚಿಕೊಂಡು ತಂದಿದ್ದನ್ನು ಮೇಜಿನ ಮೇಲಿಟ್ಟು, "ಅವ್ರು ಹೋದಾಗಿಂದ ಚಾಲೂ ಆಗವಲ್ದು, ತಂಗಿ" ಎಂದಳು.

ಅವರು ಅಂದರೆ ಗಂಡ ಬೀರಲಿಂಗ. ಮದುವೆ ವಿಡಿಯೋ ತೆಗೆಯುವವನು. ಶ್ರಾವಣದಲ್ಲಿ ಅವನ ಬೈಕು ಕಾಲುವೆ ದಂಡೆಯ ಮೇಲೆ ಸಿಕ್ಕಿತ್ತು, ಚಾವಿ ಅದರಲ್ಲೇ ಇತ್ತು. ಅವನು ಮಾತ್ರ ಸಿಕ್ಕಿರಲಿಲ್ಲ. ಈಜು ಬಲ್ಲವರು ಮುಳುಗಿ ನೋಡಿದರು, ಪೊಲೀಸರು ಬಂದು ಹೋದರು. ಕೊನೆಗೆ ಮನೆತನದ ಹಿರಿಯರು ತೀರ್ಮಾನ ಮಾಡಿದ್ದರು: ಬರುವ ಸೋಮವಾರ ಅವನ ತಿಥಿ ಕಾರ್ಯ ಮುಗಿಸುವುದು, ಗ್ಯಾನಮ್ಮನ ಬಳೆ ತೆಗೆಸುವುದು.

"ಇದರಾಗ ಅವ್ರು ತಗದ ವಿಡಿಯೋ ಅದಾವ. ಅವು ಬೇಕು ನನಗ."

ಮಮತಾ ಹಿಂದಿನ ಮುಚ್ಚಳ ಬಿಚ್ಚಿ ಹಾರ್ಡ್‌ಡಿಸ್ಕ್ ಹೊರತೆಗೆದಳು, ಕೇಬಲ್ ಹಾಕಿ ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಡಿಸ್ಕು ಗುಂಯ್ ಎಂದು ತಿರುಗತೊಡಗಿತು.

"ಸಾಯಾಕತ್ತೈತ್ರೀ ಅಕ್ಕಾ ಇದು. ತಿರಗೂತನಕ ಎಷ್ಟ್ ಬರ್ತಾವ ಅಷ್ಟನ್ನ ಹೊಸಾ ಡಿಸ್ಕಿಗೆ ಎಳಕೋಬೇಕು. ಒಮ್ಮಿ ನಿಂತ್ರ ಮತ್ತ ಏಳಾಂಗಿಲ್ಲ."

ಮಮತಾ ಹೊಸ ಡಿಸ್ಕೊಂದನ್ನು ಜೋಡಿಸಿ ಕಾಪಿ ಹಚ್ಚಿದಳು. ಗ್ಯಾನಮ್ಮ ಬೆಂಚಿನ ಮೇಲೆ ಕುಳಿತಳು. "ಅವತ್ತ ಅವ್ರು ಉಣ್ಣಲಾರ್ದ ಹೋಗಿದ್ರು," ಎಂದಳು.

ಟಿಕ್.

ಗ್ಯಾನಮ್ಮ ತಟ್ಟನೆ ಬೆರಳಿನಿಂದ ಮೇಜು ಕುಟ್ಟಿದಳು. "ಶಿವಾ ಶಿವಾ. ಹಲ್ಲಿ ನುಡೀತು ನೋಡು. ಖರೇ ಮಾತಿಗೇ ನುಡೀತೈತಿ ಅದು."

ಮಮತಾ ನಕ್ಕಳು. "ಹಲ್ಲಿ ಅಲ್ಲಕ್ಕಾ, ಡಿಸ್ಕ್. ಒಳಗ ಅದನ್ನ ಓದೂ ಮುಳ್ಳು ಬಡೀತೈತಿ. ನಮ್ಮ ಅಂಗಡ್ಯಾಗ ಹಲ್ಲಿಗೆ ತಿನ್ನಾಕ ಒಂದ್ ಸೊಳ್ಳಿನೂ ಇಲ್ಲ."

ಡಿಸ್ಕು ಸುಮ್ಮನಿತ್ತು. ಮಮತಾಳ ಮೊಣಕೈ ಮೇಲೆ ಸೊಳ್ಳೆ ಕುಳಿತಿತ್ತು.

"ಹೋಗೂ ಮುಂದ ನಾ ಅವ್ರಿಗೆ ಬೈದಿದ್ದೆ," ಎಂದಳು ಗ್ಯಾನಮ್ಮ.

ಟಿಕ್.

ಅಂಥ ಸದ್ದು ಮಮತಾ ನೂರು ಸಲ ಕೇಳಿದ್ದಳು. ಅದಕ್ಕೆ ಹೊತ್ತು ಗೊತ್ತಿಲ್ಲ, ತಾಳ ಗೊತ್ತಿಲ್ಲ. ಈ ಅಕ್ಕನ ಭ್ರಮೆ ಬಿಡಿಸಬೇಕೆಂದು, "ನನ್ನ ಹೆಸರು ಐಶ್ವರ್ಯ," ಎಂದಳು. ಗುಂಯ್ ಬಿಟ್ಟು ಬೇರೆ ಸದ್ದಿಲ್ಲ. ಗಂಟಲು ಸರಿಮಾಡಿಕೊಂಡು, "ನನ್ನ ಹೆಸರು ಮಮತಾ," ಎಂದಳು.

ಟಿಕ್.

ಹೊರಗೆ ಬತ್ತದ ಚೀಲ ಹೊತ್ತ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಮಮತಾ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಗ್ಯಾನಮ್ಮ ಎದ್ದು ಡಿಸ್ಕಿನ ಹತ್ತಿರ ಬಗ್ಗಿದ್ದಳು. ಇಷ್ಟು ದಿನ ಯಾರೂ ಕೊಡದ ಉತ್ತರ ಒಂದು ಗೇಣು ದೂರದಲ್ಲಿತ್ತು.

"ನಮ್ಮನಿಯವ್ರು ಜೀವಂತ..."

ಮಮತಾ ಅವಳ ಬಾಯಿ ಮುಚ್ಚಿದಳು. "ಬ್ಯಾಡಕ್ಕಾ! ಅದು ಟಿಕ್ ಅಂದಾಗೆಲ್ಲ ಕಾಪಿ ನಿಲ್ಲಾಕತ್ತೈತಿ. ಹಿಂಗ ಮಾತಾಡಿಸ್ಕೋಂತ ಕುಂತ್ರ ನಡುವ ಸತ್ತು ಹೋಗ್ತೈತಿ, ಏನೂ ಉಳಿಯಾಂಗಿಲ್ಲ. ವಿಡಿಯೋ ಬೇಕೋ, ಉತ್ತರ ಬೇಕೋ, ಒಂದ್ ಹೇಳ್ರಿ."

ಗ್ಯಾನಮ್ಮ ಹೊಸ ಡಿಸ್ಕಿನ ಕಡೆ ಬೆರಳು ತೋರಿಸಿದಳು. ಆಮೇಲೆ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಳಿತಳು.

ಇಬ್ಬರೂ ಉಸಿರು ಬಿಗಿಹಿಡಿದು ಕುಳಿತರು. ಡಿಸ್ಕು ಒಂದು ಸಲವೂ ಟಿಕ್ ಅನ್ನಲಿಲ್ಲ. ಒಂದೊಂದೇ ಕಡತ ಹೊಸ ಡಿಸ್ಕಿಗೆ ಇಳಿಯಿತು. ಬಿಸಿಲು ಹೊಸ್ತಿಲಿಂದ ಬೆಂಚಿನ ಕಾಲಿಗೆ ಬರುವ ಹೊತ್ತಿಗೆ ಎಲ್ಲವೂ ಬಂದಿದ್ದವು.

ಮಮತಾ ಹೊಸ ಡಿಸ್ಕನ್ನು ಲ್ಯಾಪ್‌ಟಾಪಿಗೆ ಕೂರಿಸಿ, ವಿಂಡೋಸ್ ಹಾಕಿ ಚಾಲೂ ಮಾಡಿದಳು. ವಿಡಿಯೋ ಒಂದೊಂದಾಗಿ ತೆರೆದಳು. ಯಾರದೋ ಮದುವೆ. ಅರಿಷಿಣದ ಮದುಮಗಳು, ಬೆವರಿದ ಬೀಗರು. ಯಾವುದರಲ್ಲೂ ಬೀರಲಿಂಗನ ಮುಖವಿಲ್ಲ. ಕ್ಯಾಮೆರಾ ಹಿಡಿದವನ ಮುಖ ಎಲ್ಲಿಂದ ಬರಬೇಕು? ದನಿ ಮಾತ್ರ ಇತ್ತು. "ಮಾವಾ, ಈಕಡಿ ನೋಡ್ರಿ. ಚಿಗವ್ವಾ, ಸ್ವಲ್ಪ ನಗಬೇ, ಹಲ್ಲೇನ್ ಉದರಾಂಗಿಲ್ಲ!"

ಗ್ಯಾನಮ್ಮ ಪರದೆ ನೋಡುತ್ತಿರಲಿಲ್ಲ. ದನಿ ಬರುವ ಕಡೆ, ಪರದೆಯ ಈಚೆಗೆ, ತನ್ನ ಮಗ್ಗುಲಿಗೆ ನೋಡುತ್ತಿದ್ದಳು.

ವಿಡಿಯೋ ಮುಗಿಯಿತು. ಹಳೆಯ ಡಿಸ್ಕು ಮೇಜಿನ ಮೇಲೆ ಇನ್ನೂ ತಿರುಗುತ್ತಿತ್ತು. "ಈಗ ಕೇಳ್ರಿ ಅಕ್ಕಾ, ಕೇಳೂದಿದ್ರ. ಹೋದ್ರ ಹೋಗಲಿ ಅದು," ಎಂದಳು ಮಮತಾ.

"ಬ್ಯಾಡವ್ವಾ. ಕೇಳಿದ್ರ ಹೇಳಿಬಿಡ್ತೈತಿ."

ಮಮತಾ ಮೇಜಿನ ಮೇಲಿನ ಸ್ಕ್ರೂಡ್ರೈವರ್ ಎತ್ತಿ ಡಬ್ಬಿಗೆ ಹಾಕಿದಳು. ಆಗ ಟಿಕ್ ಎಂದಿತು.

ಯಾರೂ ಏನೂ ಅಂದಿರಲಿಲ್ಲ. ಸ್ವಲ್ಪ ತಡೆದು ಮತ್ತೊಂದು ಟಿಕ್. ಮತ್ತೆ ಬಿಡುವು, ಈ ಸಲ ಉದ್ದವಾದದ್ದು. ಮತ್ತೆ ಟಿಕ್. ಕೇಳಿಸದ ದನಿಯಲ್ಲಿ ಒಬ್ಬರು ನಿಧಾನಕ್ಕೆ ಏನೋ ಹೇಳುತ್ತಿದ್ದಾರೆ, ಮಾತು ಮಾತಿಗೂ ಇದು ಹೂಂಗುಡುತ್ತಿದೆ, ಹಾಗೆ. ಮಮತಾ ಕೇಬಲ್ಲಿನ ಕಡೆ ಕೈ ಚಾಚಿದಳು. ಎಳೆಯಲು ಧೈರ್ಯ ಬರಲಿಲ್ಲ. ಅಂಥ ಮಾತನ್ನು ನಡುವೆ ಹೇಗೆ ಕಡಿಯುವುದು?

ಗ್ಯಾನಮ್ಮ ಬೆಂಚಿನಲ್ಲಿ ತುಸು ಸರಿದು ಮಗ್ಗುಲಿಗೆ ಜಾಗ ಮಾಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಡಿಸ್ಕು ಕೊನೆಯದಾಗಿ ಒಮ್ಮೆ ಟಿಕ್ ಅಂದು, ಗುಂಯ್ ಇಳಿದು, ತಣ್ಣಗಾಯಿತು.

"ಸೋಮಾರ ಹಿರೇರು ಬರಲಿ," ಎಂದಳು ಗ್ಯಾನಮ್ಮ, ಬಳೆ ಮೇಲಕ್ಕೆ ಏರಿಸಿಕೊಳ್ಳುತ್ತ. "ನಮ್ಮನಿಯವ್ರು ಮನಿಗೆ ಬಂದಾರ ಅಂತ ಹೇಳ್ತೀನಿ."

ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲ ತನಕ ಹೋದವಳು ಹೊಸ್ತಿಲ ಹತ್ತಿರ ಬಾಜೂಕೆ ಸರಿದು ನಿಂತಳು, ಜೊತೆಗಿದ್ದವರು ಮೊದಲು ದಾಟಲಿ ಅನ್ನುವಂತೆ. ಆಮೇಲೆ ಎರಡು ಹೆಜ್ಜೆ ಹಿಂದೆ ಉಳಿದು, ಬಿಸಿಲಿಗೆ ಇಳಿದಳು.